ಸೈಕಲ್ ಹೆಲ್ಮೆಟ್ ಸಾಲದು, ಬೂಟಿಗೆ ಹಿಮ್ಮಡಿ ಇರಲಿ

ಮುಂದಿನ ವಾರ ಕುದುರೆ ಸವಾರಿ ಕಲಿಯಲು ಹೊರಟಿರುವ ಮಗಳಿಗೆ ಮನೆಯಲ್ಲಿರುವ ಸೈಕಲ್ ಹೆಲ್ಮೆಟ್ಟು, ಓಟದ ಶೂ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಕುದುರೆ ಸವಾರಿಯ ಹೆಲ್ಮೆಟ್ ತಲೆಯ ಹಿಂಭಾಗವನ್ನೂ ಚೆನ್ನಾಗಿ ಮುಚ್ಚುತ್ತದೆ. ಒಳಗಿನ ಚೀಟಿಯಲ್ಲಿ ‘ಎಎಸ್‌ಟಿಎಂ ಎಫ್ 1163’ರಂತಹ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ. ಪಟ್ಟಿ ಬಿಗಿಯುವ ಮೊದಲು ಅವಳು ತಲೆ ಅಲ್ಲಾಡಿಸಲಿ, ಹೆಲ್ಮೆಟ್ ಜಾರಬಾರದು. ಹಳೆಯದನ್ನು ಮಾತ್ರ ಕೊಳ್ಳಬೇಡಿ. ಒಮ್ಮೆ ಜೋರಾಗಿ ಪೆಟ್ಟು ತಿಂದಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಒಳಪದರ ಕೆಟ್ಟಿರಬಹುದು.

ಶೂ ವಿಷಯದಲ್ಲಿ ನನಗೆ ಆದದ್ದನ್ನು ಹೇಳುತ್ತೇನೆ. ಕಲಿಯುವ ಮೊದಲ ತಿಂಗಳು ಕುದುರೆ ಬೆದರಿ ಪಕ್ಕಕ್ಕೆ ಹಾರಿದಾಗ, ಚಪ್ಪಟೆ ತಳದ ನನ್ನ ಶೂ ಸರ್ರನೆ ರಿಕಾಪಿನೊಳಗೆ (ಜೀನಿನಿಂದ ತೂಗುವ, ಪಾದ ಇಡುವ ಬಳೆ) ನುಗ್ಗಿ ಕಣಕಾಲಿನವರೆಗೆ ಸಿಕ್ಕಿಕೊಂಡಿತು. ತರಬೇತುದಾರರು ಲಗಾಮು ಹಿಡಿಯದಿದ್ದರೆ ಬಿದ್ದು ಎಳೆದಾಡಿಸಿಕೊಳ್ಳುತ್ತಿದ್ದೆ. ಸುಮಾರು 2.5 ಸೆಂಟಿಮೀಟರ್ ಹಿಮ್ಮಡಿ, ನಯವಾದ ತಳ, ಕಣಕಾಲು ಮುಚ್ಚುವ ಎತ್ತರ ಇರುವ ಬೂಟು ಕೊಡಿಸಿ. ಚರ್ಮದ್ದೇ ಆಗಬೇಕೆಂದಿಲ್ಲ.

ಜೀನ್ಸ್‌ನ ಒಳಹೊಲಿಗೆ ತೊಡೆ, ಮೊಣಕಾಲುಗಳನ್ನು ಉಜ್ಜಿ ಸುಲಿಯುತ್ತದೆ. ಮೈಗೆ ಅಂಟುವ, ಹಿಗ್ಗುವ ಪ್ಯಾಂಟ್ ಸಾಕು. ದುಬಾರಿ ಬ್ರೀಚಸ್ (ಸವಾರಿಗೆಂದೇ ಹೊಲಿದ ಪ್ಯಾಂಟ್), ಚಾವಟಿ, ಸ್ವಂತ ಜೀನು ಈಗ ಬೇಡವೇ ಬೇಡ. ಹಣ ಉಳಿದರೆ ಒಂದು ಜೊತೆ ಕೈಗವಸು ಕೊಡಿಸಿ, ಬೆರಳುಗಳ ನಡುವೆ ಬೊಬ್ಬೆ ಏಳುವುದು ತಪ್ಪುತ್ತದೆ.