ಓದುಗರ ಪ್ರಶ್ನೆ: ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ

ಪ್ರಶ್ನೆ: ನಾನು ತೆಲುಗು ಮನೆಯವಳು, ಯಜಮಾನರದು ಕನ್ನಡ. ಅವರಿಗೂ ತೆಲುಗು ಚೆನ್ನಾಗಿ ಬರುತ್ತೆ. ಮಗಳಿಗೆ ಎರಡು ವರ್ಷ ಎಂಟು ತಿಂಗಳು. 'ಅಮ್ಮ ಬಂತು', 'ಪಾಲು ಬೇಕು' ಅಂತ ಎರಡನ್ನೂ ಕಲಸಿ ಮಾತಾಡುತ್ತಾಳೆ. ಪ್ಲೇಸ್ಕೂಲಿನವರು ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅನ್ನುತ್ತಿದ್ದಾರೆ. ಏನು ಮಾಡಲಿ? — ಓದುಗರು, ಶ್ರೀನಿವಾಸಪುರ

ಉತ್ತರ: ಕಲಸುತ್ತಿದ್ದಾಳೆ ಎನ್ನುವುದು ನಿಜ, ತಲೆ ಕೆಟ್ಟು ಕಲಸುತ್ತಿದ್ದಾಳೆ ಎನ್ನುವುದು ಸುಳ್ಳು. 'ಅಮ್ಮ ಬಂತು' ಎಲ್ಲಿಂದ ಬಂತು ನೋಡಿ. ತೆಲುಗಿನ ಏಕವಚನದಲ್ಲಿ ಹೆಂಗಸಿಗೂ ಹಸುವಿಗೂ ಕ್ರಿಯಾಪದ ಒಂದೇ: 'ಅಮ್ಮ ವಚ್ಚಿಂದಿ', 'ಆವು ವಚ್ಚಿಂದಿ'. ಕನ್ನಡದಲ್ಲಿ ಅಮ್ಮ ಬಂದಳು, ಹಸು ಬಂತು. ಮಗು ತೆಲುಗಿನ ಲೆಕ್ಕವನ್ನು ಕನ್ನಡದ ಪದಕ್ಕೆ ಹಾಕಿದೆ, ಅಷ್ಟೇ. 'ಪಾಲು' ಕೂಡ ಹಾಗೆಯೇ. ತೆಲುಗು ಉಳಿಸಿಕೊಂಡ ಪಕಾರ ಕನ್ನಡದಲ್ಲಿ ಹಕಾರವಾಗಿದೆ: ಪಾಲು–ಹಾಲು, ಪುಲಿ–ಹುಲಿ, ಪಾಮು–ಹಾವು. ಸಾಲದ್ದಕ್ಕೆ ನಮ್ಮ ಕಡೆ ಆಡುಮಾತಿನಲ್ಲಿ ಹಕಾರ ನುಂಗುವ ರೂಢಿ ಬೇರೆ. ಅಪ್ಪ 'ಆವು ಬಂತು' ಎಂದು ಕೂಗಿದರೆ ತೆಲುಗಿನ ಮಗು ಹಸು ನೋಡಲು ಬಾಗಿಲಿಗೆ ಓಡಿಬರುತ್ತದೆ!

'ತಪ್ಪು, ಹಾಗನ್ನಬಾರದು' ಎಂದು ತಡೆಯಬೇಡಿ. ತಡೆದರೆ ಮಗು ತಿದ್ದಿಕೊಳ್ಳುವ ಬದಲು ಸುಮ್ಮನಾಗುತ್ತದೆ. ಅವಳ ಮಾತನ್ನೇ ಎತ್ತಿಕೊಂಡು ಸರಿಯಾಗಿ ಹೇಳಿ, ಮುಂದಕ್ಕೆ ಒಂದು ಪ್ರಶ್ನೆ ಸೇರಿಸಿ. ಅವಳು ಅಪ್ಪನ ಹತ್ತಿರ 'ಅಮ್ಮ ಬಂತು' ಅಂದರೆ ಅಪ್ಪ, 'ಹೌದು, ಅಮ್ಮ ಬಂದಳು. ಕೈಯಲ್ಲೇನು ತಂದಳು?' ಎನ್ನಲಿ. ದಿನಕ್ಕೆ ಹತ್ತು ಸಲ ಕೇಳಿಸಿಕೊಂಡರೆ ಸಾಕು, ಪಾಠ ಬೇಡ.

ಇನ್ನು ಇಂಗ್ಲಿಷ್. ಶಾಲೆಯವರ ಮಾತನ್ನು ಇಲ್ಲಿ ಕೇಳಬೇಕಾಗಿಲ್ಲ. ಇಂಗ್ಲಿಷಿಗೆ ಮುಂದೆ ದಿನಕ್ಕೆ ಆರು ತಾಸು ಶಾಲೆಯೇ ಇದೆ. ಕನ್ನಡಕ್ಕೆ ಬೀದಿ, ಅಂಗಡಿ, ಬಸ್ಸು, ಆಟದ ಗುಂಪು ಇವೆ. ತೆಲುಗಿಗೆ ಇರುವುದು ನೀವೊಬ್ಬರೇ. ಹಾಗಾಗಿ ಕಾವಲು ಬೇಕಾಗಿರುವುದು ಅದಕ್ಕೆ. ಮಗು ಎಚ್ಚರವಿರುವ ಹೊತ್ತನ್ನು ಒಮ್ಮೆ ಕಾಗದದ ಮೇಲೆ ಬರೆಯಿರಿ: ದಿನಕ್ಕೆ ಸುಮಾರು 12 ತಾಸು, ವಾರಕ್ಕೆ 84. ಅದರಲ್ಲಿ ಐದನೇ ಒಂದು ಪಾಲಿಗಿಂತ, ಅಂದರೆ 16–17 ತಾಸಿಗಿಂತ ಕಡಿಮೆ ಕೇಳಿದ ಭಾಷೆಯನ್ನು ಮಕ್ಕಳು ಅರ್ಥ ಮಾಡಿಕೊಂಡರೂ ಬಾಯಿಬಿಟ್ಟು ಆಡಲು ಹಿಂಜರಿಯುತ್ತಾರೆ. ಲೆಕ್ಕ ಹಾಕುವಾಗ ಮೋಸ ಹೋಗಬೇಡಿ. ಸಂಜೆ ಆರರಿಂದ ಒಂಬತ್ತು ನೀವು ಮನೆಯಲ್ಲಿದ್ದರೂ, ಕುಕ್ಕರ್, ಟೀವಿ, ಫೋನು ಕಳೆದು ಮಗುವಿನ ಮುಖ ನೋಡಿ ಮಾತಾಡಿದ್ದು ಮುಕ್ಕಾಲು ತಾಸೂ ಇರುವುದಿಲ್ಲ.

ಅಮ್ಮನಿಗೊಂದು ಭಾಷೆ, ಅಪ್ಪನಿಗೊಂದು ಭಾಷೆ ಎಂಬ ಪದ್ಧತಿಯನ್ನು ಫ್ರೆಂಚ್ ಭಾಷಾಶಾಸ್ತ್ರಜ್ಞ ಜೂಲ್ ರೊಂಜಾ ತನ್ನ ಮಗನ ಮೇಲೆ ನಡೆಸಿ 1913ರಲ್ಲಿ ಬರೆದಿಟ್ಟರು. ಅಂದಿನಿಂದ ಅದು ಮಂತ್ರದ ಹಾಗೆ ನಡೆದುಬಂದಿದೆ. ಆದರೆ ಬೆಲ್ಜಿಯಂನ ಡಚ್ ಸೀಮೆಯ ಸುಮಾರು 1,900 ಮನೆಗಳ ವಿವರ 2007ರಲ್ಲಿ ಪ್ರಕಟವಾದಾಗ ಕಂಡದ್ದೇ ಬೇರೆ. ಹೀಗೆ ಹಂಚಿಕೊಂಡ ಮನೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಕಡೆ ಮಕ್ಕಳು ಹೊರಗೆ ಆಸರೆಯಿಲ್ಲದ ಆ ಇನ್ನೊಂದು ಭಾಷೆಯನ್ನು ಆಡುತ್ತಲೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಆ ಭಾಷೆ ಆಡುವ ಮನೆಗಳು ಎಷ್ಟೋ ವಾಸಿ. ಆದ್ದರಿಂದ ನಿಮ್ಮ ಯಜಮಾನರೂ ಊಟದ ಹೊತ್ತಿನಲ್ಲಿ ತೆಲುಗಿಗೇ ಬರಲಿ. ಮಿಕ್ಕ ಹೊತ್ತಿನ ಅಪ್ಪನ ಮಾತು, ಬೀದಿಯ ಮಾತು ಎರಡೂ ಇರುವಾಗ ಮಗಳ ಕನ್ನಡಕ್ಕೆ ಅದರಿಂದ ಕೊರತೆಯಾಗದು.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಅಮ್ಮಮ್ಮ ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ತೆಲುಗು ಕಾರ್ಟೂನ್ ಹಾಕಿಕೊಟ್ಟರೂ ಪ್ರಯೋಜನವಿಲ್ಲ. — ಓದುಗರು, ಮುಳಬಾಗಿಲು

ಉತ್ತರ: ಅಮ್ಮಮ್ಮನಿಗೆ ಕನ್ನಡ ಬರುತ್ತದೆಂದು ಅವನಿಗೆ ಗೊತ್ತು. ಸುಲಭದ ದಾರಿ ಇರುವಾಗ ಸುತ್ತು ಹಾಕಿ ಯಾರು ಹೋಗುತ್ತಾರೆ? ಅರ್ಥವೇ ಆಗದ ಹಾಗೆ ನಟಿಸಿದರೆ ಎರಡು ದಿನದಲ್ಲಿ ಬಣ್ಣ ಬಯಲಾಗುತ್ತದೆ, ಮಗು ಸಿಡುಕುತ್ತದೆ. ಅದಕ್ಕಿಂತ ಎರಡರಲ್ಲೊಂದು ಆರಿಸುವ ಪ್ರಶ್ನೆ ಕೇಳಿಸಿ. 'ನೀರು ಬೇಕು' ಎಂದಾಗ ಅಮ್ಮಮ್ಮ 'ನೀಳ್ಳಾ, ಪಾಲಾ?' ಎನ್ನಲಿ. ಉತ್ತರದ ಪದ ಪ್ರಶ್ನೆಯಲ್ಲೇ ಇರುವುದರಿಂದ 'ನೀಳ್ಳು' ಎಂದು ಬಾಯಿಗೆ ಬರುತ್ತದೆ. ಬಂದ ಕೂಡಲೇ ನೀರು ಕೊಡಿ, ಚಪ್ಪಾಳೆ ತಟ್ಟುವ ಅಗತ್ಯವಿಲ್ಲ. ಒಂದೆರಡು ವಾರದ ಮೇಲೆ 'ಏಮಿ ಕಾವಾಲಿ?' (ಏನು ಬೇಕು?) ಎಂಬ ಬಿಡಿ ಪ್ರಶ್ನೆಗೆ ಹೋಗಬಹುದು. ಕನ್ನಡ ಬಾರದ ಬಂಧುಗಳ ಮಕ್ಕಳು ಮದನಪಲ್ಲಿ, ಪಲಮನೇರು ಕಡೆ ಇದ್ದರೆ ರಜದಲ್ಲಿ ಹತ್ತು ದಿನ ಅವರ ಜೊತೆ ಬಿಡಿ. ಆಟಕ್ಕೆ ಸೇರಿಸಿಕೊಳ್ಳಲು ಬೇಕಾಗುವ ಭಾಷೆಯನ್ನು ಮಗು ಯಾರಿಗೂ ಹೇಳದೆ ಕಲಿತುಕೊಳ್ಳುತ್ತದೆ.

ಕಾರ್ಟೂನ್ ಮಾತಾಡುತ್ತದೆ, ಉತ್ತರಕ್ಕೆ ಕಾಯುವುದಿಲ್ಲ. 2003ರಲ್ಲಿ ಅಮೆರಿಕದಲ್ಲಿ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಮಾತನ್ನು 12 ಬೈಠಕ್ ಕೇಳಿಸಿದರು. ಮನುಷ್ಯರು ಎದುರಿಗೆ ಕೂತು ಆಡಿಸಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಹಿಡಿದವು, ಅದನ್ನೇ ವಿಡಿಯೋದಲ್ಲಿ ನೋಡಿದವು ಹಿಡಿಯಲಿಲ್ಲ. ನಾಲ್ಕು ವರ್ಷದವನು ಪರದೆಯಿಂದ ಅಷ್ಟಿಷ್ಟು ಕಲಿತಾನು, ಆದರೆ ಪಕ್ಕದಲ್ಲಿ ಅಮ್ಮಮ್ಮ ಕೂತು 'ಈಡು ಎವಡು?' (ಇವನ್ಯಾರು?) ಎಂದು ಕೇಳುತ್ತಿದ್ದರೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿಗೆ ಹೇಳಿರುವ ಮಿತಿ ದಿನಕ್ಕೆ ಒಂದು ತಾಸು.

ಪ್ರಶ್ನೆ: ಮಗುವಿಗೆ 22 ತಿಂಗಳು, ಆರೇ ಮಾತು. ಎರಡು ಭಾಷೆ ಆಡುವುದರಿಂದಲೇ ಹೀಗೆ, ಒಂದನ್ನು ಬಿಡಿ ಎಂದು ಹಿರಿಯರು ಹೇಳುತ್ತಾರೆ. — ಓದುಗರು, ಚಿಂತಾಮಣಿ

ಉತ್ತರ: ಭಾಷೆ ಬಿಡಬೇಡಿ, ಕಿವಿ ನೋಡಿಸಿ. ಮೊದಲು ಎಣಿಕೆ ಸರಿಮಾಡಿಕೊಳ್ಳಿ: 'ಹಾಲು', 'ಪಾಲು' ಎರಡೂ ಬರುತ್ತಿದ್ದರೆ ಎರಡು ಮಾತು, ನಾಯಿ ಕಂಡಾಗಲೆಲ್ಲ 'ಬೌ ಬೌ' ಎಂದರೆ ಅದೂ ಒಂದು. ಎರಡೂ ಭಾಷೆ ಕೂಡಿಸಿ ಎರಡು ವರ್ಷಕ್ಕೆ ಸುಮಾರು 50 ಮಾತು, 'ಅಪ್ಪ ಬಾ' ಎಂಬಂಥ ಜೋಡಿಪದ ಇರಬೇಕು. ಕೂಡಿಸಿದರೂ ಆರೇ ಆದರೆ ಎರಡು ತುಂಬಲಿ ಎಂದು ಕಾಯಬೇಡಿ. ಬಂದಿದ್ದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲೂ ಅದೇ ವಾರ ವೈದ್ಯರ ಬಳಿ ಹೋಗಿ. ಕೇಳಿಸುತ್ತದೆ ಎಂದು ಚಪ್ಪಾಳೆ ತಟ್ಟಿ ತೀರ್ಮಾನಿಸುವುದೂ ಬೇಡ. ದೊಡ್ಡ ಸದ್ದಿಗೆ ತಿರುಗುವ ಮಗುವಿಗೆ 'ಸ', 'ತ' ಕೇಳದೇ ಇರಬಹುದು. ಮಗು ಮಲಗಿದ್ದಾಗ ಮಾಡುವ ಬೆರಾ ಎಂಬ ಶ್ರವಣ ಪರೀಕ್ಷೆ ಅದನ್ನು ಹೇಳುತ್ತದೆ. ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ತಂಡದ ವೈದ್ಯರಿಂದ ಚೀಟಿ ಬರೆಸಿಕೊಂಡು ಹೋಗಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಪ್ರಶ್ನೆ: ಎರಡು ಲಿಪಿ ಒಟ್ಟಿಗೆ ಕಲಿಸಬಹುದೇ? — ಓದುಗರು, ಗೌರಿಬಿದನೂರು

ಉತ್ತರ: ಒಟ್ಟಿಗೆ ಬೇಡ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು, ಅದೇ ಅನುಕೂಲ, ಅದೇ ತೊಡಕು. ಬ, ಲ, ಜ ಮುಂತಾದವು ಹೆಚ್ಚುಕಡಿಮೆ ಒಂದೇ ಆಕಾರ. ಕ, ತ, ಶ ಬೇರೆ. ತೆಲುಗಿನ ತಲೆಕಟ್ಟು ಮೇಷ್ಟ್ರು ಹಾಕುವ ರೈಟ್ ಗುರುತಿನ ಹಾಗಿದ್ದರೆ ನಮ್ಮದು ಮಲಗಿದ ಗೆರೆ. ಒಂದರಲ್ಲಿ ಕಾಗುಣಿತ ಮುಗಿಸಿ ಸಣ್ಣ ವಾಕ್ಯ ತಡವರಿಸದೆ ಓದಿದ ಮೇಲೆ ಇನ್ನೊಂದನ್ನು ಹಿಡಿಯಿರಿ. ಆಗ ಬೇರೆಯಾಗಿ ಕಲಿಸಬೇಕಾಗುವುದು ಆಕಾರ ಬದಲಾದ ಅಕ್ಷರಗಳನ್ನು ಮಾತ್ರ.