ಅಧಿಕೇಂದ್ರದಲ್ಲೇ ಹಾನಿ ಹೆಚ್ಚಾಗಬೇಕೆ?

ಮಾನ್ಯ ಓದುಗರೆ,

2015ರ ಏಪ್ರಿಲ್ 25ರ ನೇಪಾಳ ಭೂಕಂಪವನ್ನು ಕುರಿತ ನಮ್ಮ ಲೇಖನವನ್ನು ಓದಿ ನೀವು ಎತ್ತಿರುವ ಪ್ರಶ್ನೆ ನ್ಯಾಯವಾದದ್ದು. ಅಧಿಕೇಂದ್ರವು ಕಠ್ಮಂಡುವಿಗೆ ವಾಯವ್ಯದಲ್ಲಿ ಸುಮಾರು 80 ಕಿ.ಮೀ. ದೂರದ ಗೋರ್ಖಾ ಜಿಲ್ಲೆಯಲ್ಲಿತ್ತೆಂದು ಒಂದು ಪುಟದಲ್ಲಿಯೂ, ಅತಿ ಹೆಚ್ಚು ಜನ ಸತ್ತದ್ದು ರಾಜಧಾನಿಯಿಂದಾಚೆ ಈಶಾನ್ಯಕ್ಕಿರುವ ಸಿಂಧುಪಾಲ್ಚೋಕ್ ಜಿಲ್ಲೆಯಲ್ಲೆಂದು ಮರುಪುಟದಲ್ಲಿಯೂ ಅಚ್ಚಾಗಿರುವುದನ್ನು ತೋರಿಸಿ, ಇವೆರಡರಲ್ಲಿ ಯಾವುದು ತಪ್ಪೆಂದು ಕೇಳಿದ್ದೀರಿ. ಎರಡೂ ಸರಿಯೇ. ತಪ್ಪಿರುವುದು ನಾವು ಜೊತೆಗೆ ಕೊಟ್ಟ ನಕಾಶೆಯಲ್ಲಿ. ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಅಧಿಕೇಂದ್ರದ ಸುತ್ತ ವೃತ್ತಗಳನ್ನೆಳೆದು, ಒಳಗಿನದಕ್ಕೆ ಕಡುಗೆಂಪು, ಹೊರಗಿನವಕ್ಕೆ ತಿಳಿಗೆಂಪು ತುಂಬಿದ್ದೆವು. ನೋಡಿದವರು ನಿಮ್ಮಂತೆಯೇ ಅರ್ಥಮಾಡಿಕೊಂಡರೆ ಅದು ಅವರ ತಪ್ಪಲ್ಲ.

ಭೂಮಿಯೊಳಗೆ ಬಂಡೆಗಳು ಯಾವ ಬಿಂದುವಿನಲ್ಲಿ ಮೊದಲು ಬಿರಿದು ಜಾರತೊಡಗುತ್ತವೆಯೋ ಅದನ್ನು ಭೂಕಂಪನಾಭಿ ಎನ್ನುತ್ತಾರೆ. ಆ ನಾಭಿಗೆ ನೇರ ಮೇಲೆ, ನೆಲದ ಮೇಲ್ಮೈಯಲ್ಲಿ ಸಿಗುವ ಬಿಂದುವೇ ಅಧಿಕೇಂದ್ರ. ಅಲ್ಲಿ ಹೋಗಿ ನಿಂತರೆ ಬಿರುಕೊಂದು ಕಣ್ಣಿಗೆ ಬೀಳಲೇಬೇಕೆಂದಿಲ್ಲ. ನಾಭಿಯಾದರೂ ಸೀಳು ಎಲ್ಲಿ ಶುರುವಾಯಿತೆಂದು ಹೇಳುತ್ತದೆಯೇ ಹೊರತು ಎಲ್ಲಿಯವರೆಗೆ ಹೋಯಿತೆಂದು ಹೇಳುವುದಿಲ್ಲ. ಬಟ್ಟೆಯ ಅಂಚಿಗೆ ಕತ್ತರಿಯಿಂದ ಚಿಕ್ಕದೊಂದು ಕಚ್ಚು ಹಾಕಿ ಎರಡೂ ಕೈಗಳಿಂದ ಎಳೆದರೆ, ಸೀಳು ಆ ಕಚ್ಚಿನಿಂದ ಹೊರಟು ಪರ್ರನೆ ಎದುರಂಚಿನವರೆಗೆ ಓಡುತ್ತದೆ. ನಾಭಿಯೆಂದರೆ ಆ ಕಚ್ಚು ಮಾತ್ರ.

ನೇಪಾಳದಲ್ಲಿ ಆದದ್ದೂ ಅದೇ. ಗೋರ್ಖಾದ ಕೆಳಗೆ ಶುರುವಾದ ಸೀಳು ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗಿ, ಕಠ್ಮಂಡುವಿನ ಉತ್ತರ ಭಾಗದ ನೆಲದಡಿಯಲ್ಲಿ ಹಾದು, ಒಂದು ನಿಮಿಷದೊಳಗೆ ಸುಮಾರು 150 ಕಿ.ಮೀ. ಕ್ರಮಿಸಿತು. ಸೀಳು ಓಡುವ ದಿಕ್ಕಿನಲ್ಲಿ ಮುಂದಿರುವ ಊರುಗಳಿಗೆ ಅಲೆಗಳು ಒಂದರ ಮೇಲೊಂದು ಒತ್ತಿಕೊಂಡು ಬರುವುದರಿಂದ, ಹಿಂದೆ ಉಳಿದ ಊರುಗಳಿಗಿಂತ ಅಲ್ಲಿ ಅಲುಗಾಟ ಜೋರಾಗಿರುವುದುಂಟು. 2004ರ ಡಿಸೆಂಬರ್ 26ರಂದು ಅಧಿಕೇಂದ್ರವು ಸುಮಾತ್ರಾದ ವಾಯವ್ಯ ಕರಾವಳಿಯಾಚೆ ಸಮುದ್ರದಲ್ಲಿತ್ತು. ಸೀಳು ಸುಮಾರು 1,300 ಕಿ.ಮೀ. ಉತ್ತರಕ್ಕೆ, ಅಂಡಮಾನ್ ದ್ವೀಪಗಳವರೆಗೂ ಹೋಯಿತು. ಅಷ್ಟು ಉದ್ದದ ಘಟನೆಯನ್ನು ಒಂದು ಚುಕ್ಕಿಯಿಂದ ಸೂಚಿಸುವುದು ರೂಢಿಯ ಅನುಕೂಲವಷ್ಟೆ.

ಒಂದೇ ಭೂಕಂಪಕ್ಕೆ ಬೆಳಗಿನ ಸುದ್ದಿಯಲ್ಲಿ ಒಂದು ಅಧಿಕೇಂದ್ರ, ಸಂಜೆಯ ಸುದ್ದಿಯಲ್ಲಿ ಇನ್ನೊಂದು ಬರುವುದೇಕೆಂಬುದು ನಿಮ್ಮ ಎರಡನೆಯ ಪ್ರಶ್ನೆ. ಅಧಿಕೇಂದ್ರವನ್ನು ಯಾರೂ ನೋಡಿ ಹೇಳುವುದಿಲ್ಲ, ಲೆಕ್ಕ ಹಾಕಿ ಹೇಳುತ್ತಾರೆ. ಭೂಕಂಪಮಾಪಕದ ಗೆರೆಯನ್ನು ಗಮನಿಸಿ: ನೆಟ್ಟಗೆ ಸಾಗುತ್ತಿದ್ದ ಗೆರೆ ಮೊದಲು ಸಣ್ಣಗೆ ನಡುಗುತ್ತದೆ, ಕೆಲವು ಸೆಕೆಂಡುಗಳ ಬಳಿಕ ಒಮ್ಮೆಲೇ ಮೇಲೆ ಕೆಳಗೆ ದೊಡ್ಡದಾಗಿ ತೂಗುತ್ತದೆ. ಮೊದಲನೆಯದು ವೇಗವಾಗಿ ಬರುವ ಪ್ರಾಥಮಿಕ ಅಲೆ, ಎರಡನೆಯದು ನಿಧಾನವಾಗಿ ಬರುವ ದ್ವಿತೀಯಕ ಅಲೆ. ಸಮೀಪದ ಭೂಕಂಪವಾದರೆ ಇವೆರಡರ ನಡುವಿನ ಒಂದೊಂದು ಸೆಕೆಂಡಿನ ಅಂತರಕ್ಕೆ ಸುಮಾರು 8 ಕಿ.ಮೀ. ದೂರವೆಂದು ಹಿಡಿಯಬಹುದು, 10 ಸೆಕೆಂಡು ಅಂತರವಿದ್ದರೆ ದೂರ ಸುಮಾರು 80 ಕಿ.ಮೀ. ಆದರೆ ಯಾವ ದಿಕ್ಕಿನಲ್ಲಿ 80 ಕಿ.ಮೀ. ಎಂಬುದು ಇಷ್ಟರಿಂದ ತಿಳಿಯದ ಕಾರಣ, ಭೂಕಂಪಮಾಪಕವಿರುವ ಕಡೇಪಕ್ಷ ಮೂರು ಕೇಂದ್ರಗಳಿಂದ ವೃತ್ತಗಳನ್ನೆಳೆದು ಅವು ಕೂಡುವ ಜಾಗವನ್ನು ಹುಡುಕಬೇಕು. ಶಾಲೆಯ ಪುಸ್ತಕದ ಚಿತ್ರದಲ್ಲಿ ಅವು ಒಂದೇ ಬಿಂದುವಿನಲ್ಲಿ ಚೊಕ್ಕವಾಗಿ ಕೂಡುತ್ತವೆ; ನಿಜದಲ್ಲಿ ನಡುವೆ ಸಣ್ಣದೊಂದು ತ್ರಿಕೋನ ಉಳಿದುಬಿಡುತ್ತದೆ. ಹೊಸ ಕೇಂದ್ರಗಳ ದಾಖಲೆ ಸೇರಿದಂತೆಲ್ಲ ಆ ತ್ರಿಕೋನ ಕಿರಿದಾಗುತ್ತದೆ, ಚುಕ್ಕಿಯೂ ಸರಿಯುತ್ತದೆ.

ಆಳವನ್ನು ಹೇಳುವುದು ಇನ್ನೂ ಕಷ್ಟ. ಸುದ್ದಿಗಳಲ್ಲಿ ‘10 ಕಿ.ಮೀ. ಆಳ’ ಪದೇ ಪದೇ ಕಾಣಿಸುವುದರ ಗುಟ್ಟು ಇಲ್ಲಿದೆ: ಆಳ ಖಚಿತವಾಗದಿದ್ದಾಗ ಲೆಕ್ಕ ಮುಂದುವರಿಸಲು ಆ ಅಂಕಿಯನ್ನು ಹಿಡಿದಿಟ್ಟುಕೊಳ್ಳುವ ವಾಡಿಕೆಯುಂಟು. ಹಾಗೆಂದು ಆಳವನ್ನು ಕಡೆಗಣಿಸುವಂತಿಲ್ಲ. 2013ರ ಮೇ 24ರಂದು ಒಖೋಟ್ಸ್ಕ್ ಸಮುದ್ರದಡಿ 8.3 ಪರಿಮಾಣದ ಭೂಕಂಪವಾದಾಗ ನಾಭಿ ಸುಮಾರು 600 ಕಿ.ಮೀ. ಆಳದಲ್ಲಿತ್ತು, ಸಾವಿರಾರು ಕಿ.ಮೀ. ಆಚೆ ಮಾಸ್ಕೋದವರಿಗೂ ಅದರ ಅನುಭವವಾಯಿತು, ಆದರೆ ಅಧಿಕೇಂದ್ರದ ಆಸುಪಾಸಿನಲ್ಲೂ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 1985ರ ಸೆಪ್ಟೆಂಬರ್ 19ರ ಮೆಕ್ಸಿಕೋ ಭೂಕಂಪ. ಅಧಿಕೇಂದ್ರವು ಪೆಸಿಫಿಕ್ ಕರಾವಳಿಯಲ್ಲಿ, ಮೆಕ್ಸಿಕೋ ನಗರದಿಂದ 350 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದರೂ ಸಾವಿರಾರು ಜನ ಸತ್ತದ್ದು ಆ ನಗರದಲ್ಲಿ. ಬತ್ತಿದ ಕೆರೆಯ ಮೆತ್ತನೆಯ ಜೇಡಿಯ ಮೇಲೆ ಕಟ್ಟಿದ ಭಾಗದಲ್ಲಿ, ಎರಡು ಸೆಕೆಂಡಿಗೊಮ್ಮೆ ತೂಗುವ ಅಲೆಗಳು ಹಲವು ಪಟ್ಟು ಹಿಗ್ಗಿದವು. ಅದೇ ಲಯದಲ್ಲಿ ಓಲಾಡುವಷ್ಟು ಎತ್ತರದ, ಅಂದರೆ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳೇ ಹೆಚ್ಚಾಗಿ ಕುಸಿದವು. ಅದೇ ನಗರದಲ್ಲಿ ಗಟ್ಟಿನೆಲದ ಮೇಲಿದ್ದ ಬಡಾವಣೆಗಳಿಗೆ ಆದ ಪೆಟ್ಟು ಬಹಳ ಕಡಿಮೆ.

ಮುಂದಿನ ಸಂಚಿಕೆಯಲ್ಲಿ ನೇಪಾಳದ ನಕಾಶೆಯನ್ನು ತಿದ್ದಿ ಮತ್ತೆ ಅಚ್ಚು ಹಾಕುತ್ತೇವೆ. ಚುಕ್ಕಿ ಗೋರ್ಖಾದಲ್ಲಿಯೇ ಇರುತ್ತದೆ. ವೃತ್ತಗಳನ್ನು ತೆಗೆದು, ಅಲ್ಲಿಂದ ಪೂರ್ವಕ್ಕೆ ಸಿಂಧುಪಾಲ್ಚೋಕ್‌ನ ಕಡೆಗೆ ಚಾಚಿದ ಒಂದು ಪಟ್ಟೆಯನ್ನು ಬಿಡಿಸುತ್ತೇವೆ.

— ಸಂಪಾದಕ