ವಿಮಾನಕ್ಕೆ ಬಾಯಿ ಹಾಕಿದ ಶಾರ್ಕ್

ಪ್ರಶ್ನೆ: ಸರ್, 2009ರ 'ಮೆಗಾ ಶಾರ್ಕ್ ವರ್ಸಸ್ ಜೈಂಟ್ ಆಕ್ಟೋಪಸ್' ನೋಡಿದೆವು. ಮಂಜುಗಡ್ಡೆಯಿಂದ ಹೊರಬಂದ ಶಾರ್ಕ್ ನೆಗೆದು ವಿಮಾನವನ್ನೇ ಕಚ್ಚುತ್ತದೆ! ಅಂಥ ಶಾರ್ಕ್ ನಿಜಕ್ಕೂ ಇತ್ತಾ ಅಂತ ಮಗಳು ಕೇಳುತ್ತಿದ್ದಾಳೆ.

ಉತ್ತರ: ಇತ್ತಮ್ಮಾ. ಹೆಸರು ಮೆಗಲೊಡಾನ್. ಅಳಿದು ಸುಮಾರು 36 ಲಕ್ಷ ವರ್ಷ ಆಯಿತು. ಶಾರ್ಕ್ ಮೈಯಲ್ಲಿರುವುದು ನಮ್ಮ ಕಿವಿಯಲ್ಲಿರುವಂಥ ಮೆತ್ತನೆ ಎಲುಬು. ಅದು ಬೇಗ ಕರಗುತ್ತದೆ, ಹಾಗಾಗಿ ನಮಗೆ ಸಿಕ್ಕಿರುವುದು ಜಾಸ್ತಿ ಹಲ್ಲುಗಳೇ. ಮಗಳ 15 ಸೆಂ.ಮೀ. ಸ್ಕೇಲ್ ತೆಗೆದು ತೋರಿಸಿ, ದೊಡ್ಡ ಹಲ್ಲು ಅದಕ್ಕಿಂತ ಉದ್ದ! ತಿಮಿಂಗಿಲದ ಮೂಳೆಗಳ ಮೇಲೂ ಅದು ಕಚ್ಚಿದ ಗುರುತುಗಳಿವೆ. ವಿಮಾನದ ಎತ್ತರಕ್ಕೆ ನೆಗೆಯುವುದು ಮಾತ್ರ ಆಗದ ಮಾತು. ಆದರೂ ಕಡಿಮೆ ದುಡ್ಡಿನಲ್ಲಿ ಅಂಥ ದೃಶ್ಯಕ್ಕೆ ಕೈಹಾಕಿದ ಆ ಧೈರ್ಯ ನನಗೆ ತುಂಬಾ ಇಷ್ಟ.